ಅಕ್ವೈರ್, ರಿಲೀಸ್, ಬ್ಯಾರಿಯರ್: ಯಾವ ಸಿಪಿಯು ಯಾರಿಗೆ ಏನು ಮಾತು ಕೊಡುತ್ತದೆ?

ಹಾಸನ, ಚಿಕ್ಕಮಗಳೂರು ಕಡೆಯ ಇಂಜಿನಿಯರಿಂಗ್ ಮಕ್ಕಳಿಗೆ ಕರ್ನಲ್ (ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂನ ತಿರುಳು) ಪಾಠ ಹೇಳುವಾಗ ಮೆಮೊರಿ ಬ್ಯಾರಿಯರ್ ಅಂದರೆ ಏನು ಅಂತ ಕೇಳುತ್ತೇನೆ. ಜಾಸ್ತಿ ಸಿಗುವ ಉತ್ತರ, "ಸರ್, ಅದು ಕ್ಯಾಶ್ ಫ್ಲಶ್ ಮಾಡುತ್ತೆ." ಅಂದರೆ ಸಿಪಿಯು ಪಕ್ಕದ ಸಣ್ಣ, ವೇಗದ ಮೆಮೊರಿಯನ್ನು ಖಾಲಿ ಮಾಡುತ್ತೆ ಅಂತ. ಬ್ಯಾರಿಯರ್ ಕೆಲಸ ಅದಲ್ಲ; ಮೆಮೊರಿಯ ಓದು, ಬರಹಗಳ ಕ್ರಮ ಅದಲುಬದಲಾಗದಂತೆ ತಡೆಯುವುದು. ತಪ್ಪು ಅರ್ಥ ತಲೆಯಲ್ಲಿ ಕೂತರೆ ಬಹಳ ತೊಂದರೆ. ಡ್ರೈವರ್ (ಯಂತ್ರವನ್ನು ನಡೆಸುವ ಪ್ರೋಗ್ರಾಮ್) ಬರೆಯುವಾಗ, ಬರೆಯುವ ಕಡೆ ಇಲ್ಲವೇ ಓದುವ ಕಡೆ ಮಾತ್ರ ಬ್ಯಾರಿಯರ್ ಹಾಕಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಇನ್ನೊಂದು ಕಡೆ ಖಾಲಿ ಉಳಿಯುತ್ತದೆ.

ನಾವು ದಿನಾ ಬಳಸುವ ಪ್ರೊಸೆಸರ್‌ಗಳಲ್ಲಿ ಕೋರ್‌ಗಳ (ಇಲ್ಲಿ ಒಂದೊಂದು ಕೋರನ್ನೂ ಸಿಪಿಯು ಎನ್ನುತ್ತೇನೆ) ಕ್ಯಾಶ್‌ಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸವನ್ನು ಹಾರ್ಡ್‌ವೇರೇ ಮಾಡುತ್ತದೆ. ಒಂದೇ ವೇರಿಯೇಬಲ್ ತೆಗೆದುಕೊಂಡರೆ, ಅದಕ್ಕೆ ಯಾವ ಬೆಲೆ ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದರಲ್ಲಿ ಎಲ್ಲ ಸಿಪಿಯುಗಳದ್ದೂ ಒಂದೇ ಲೆಕ್ಕ. ಇದೇ ಕೊಹೆರೆನ್ಸ್. ಇದಕ್ಕಾಗಿ ನಾವೇನೂ ಬರೆಯಬೇಕಿಲ್ಲ. ತಕರಾರು ಶುರುವಾಗುವುದು ವೇರಿಯೇಬಲ್ ಎರಡಾದಾಗ.

ಒಂದು ಹುಡುಗರ ತಂಡ ಕಾಫಿ ಹಣ್ಣು ತೂಗುವ ಸಣ್ಣ ಯಂತ್ರಕ್ಕೆ ಡ್ರೈವರ್ ಬರೆದಿತ್ತು. ಮೊದಲ ಸಿಪಿಯು 'ತೂಕ' ಎಂಬ ವೇರಿಯೇಬಲ್‌ಗೆ ಬೆಲೆ ಹಾಕುತ್ತದೆ, ನಂತರ 'ಸಿದ್ಧ' ಎಂಬುದನ್ನು 1 ಮಾಡುತ್ತದೆ. ಎರಡನೆಯದು 'ಸಿದ್ಧ' 1 ಆಗುವ ತನಕ ಕಾಯುತ್ತದೆ, ಆಮೇಲೆ 'ತೂಕ' ಓದುತ್ತದೆ. ಎಕ್ಸ್86 ಬಗೆಯ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿತ್ತು. ಎಆರ್‌ಎಂ ಎಂಬ ಇನ್ನೊಂದು ಬಗೆಯ ಪ್ರೊಸೆಸರ್ ಇರುವ ಬೋರ್ಡ್‌ಗೆ ಹಾಕಿದ ಮೇಲೆ ಆಗೊಮ್ಮೆ ಈಗೊಮ್ಮೆ ಹಿಂದಿನ ಮೂಟೆಯ ತೂಕ ಬರತೊಡಗಿತು. ಅವರು ಸೆನ್ಸರ್ ಬದಲಾಯಿಸಿದರು, ವೈರ್ ಬದಲಾಯಿಸಿದರು. ಸೆನ್ಸರ್‌ನಲ್ಲಿ ಏನೂ ದೋಷ ಇರಲಿಲ್ಲ.

ನಾವು ಬರೆದ ಸಾಲುಗಳ ಕ್ರಮಕ್ಕೆ ಪ್ರೋಗ್ರಾಮ್ ಆರ್ಡರ್ ಎನ್ನುತ್ತಾರೆ. ಬೇರೆ ಸಿಪಿಯುಗೆ ಅದೇ ಕ್ರಮ ಕಾಣಬೇಕೆಂದೇನೂ ಇಲ್ಲ. ಮೊದಲನೆಯದಾಗಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಸಾಲುಗಳನ್ನು ಹಿಂದುಮುಂದು ಮಾಡಬಹುದು. ಇನ್ನೊಂದು ಕಾರಣ ಸ್ಟೋರ್ ಬಫರ್. ತೋಟದ ರೈಟರು ತೂಕವನ್ನು ಮೊದಲು ಜೇಬಿನ ಪುಸ್ತಕದಲ್ಲಿ ಬರೆದುಕೊಂಡು, ಬಿಡುವಾದಾಗ ಆಫೀಸಿನ ದೊಡ್ಡ ಲೆಡ್ಜರಿಗೆ ಏರಿಸುತ್ತಾರಲ್ಲ, ಸಿಪಿಯು ಮಾಡುವುದೂ ಅದನ್ನೇ. ತಾನು ಬರೆದದ್ದು ತನಗೆ ತಕ್ಷಣ ಗೊತ್ತು, ಉಳಿದವರಿಗೆ ಲೆಡ್ಜರಿಗೆ ಏರಿದ ಮೇಲಷ್ಟೇ. ಎಕ್ಸ್86ನಲ್ಲಿ ಬರೆದ ಸಾಲಿನಲ್ಲೇ ಏರುತ್ತವೆ. ಎಆರ್‌ಎಂನಲ್ಲಿ 'ಸಿದ್ಧ' ಮೊದಲು ಏರಿ 'ತೂಕ' ಹಿಂದೆ ಉಳಿಯಬಹುದು. ಓದುವ ಕಡೆಯೂ ಅಷ್ಟೇ: ಎಆರ್‌ಎಂ ಸಿಪಿಯು 'ತೂಕ'ವನ್ನು ಮುಂಚೆಯೇ ಓದಿಟ್ಟುಕೊಂಡು, ಆಮೇಲೆ 'ಸಿದ್ಧ' ನೋಡಬಹುದು. ಹಾಗಾಗಿ ತಪ್ಪು ಎರಡೂ ಕಡೆ ಇದೆ. ಒಂದೇ ಕಡೆ ರಿಪೇರಿ ಮಾಡಿದರೆ ಸಾಲದು.

ಅದಕ್ಕೇ ಈ ಪದಗಳನ್ನು ನಾನು ಜೋಡಿಯಾಗಿಯೇ ಹೇಳಿಕೊಡುತ್ತೇನೆ. ರಿಲೀಸ್ ಎಂದರೆ ಒಂದು ಬರಹ. ಅದಕ್ಕಿಂತ ಮೊದಲಿನ ಎಲ್ಲ ಓದು, ಎಲ್ಲ ಬರಹ ಅದಕ್ಕೂ ಮುಂಚೆಯೇ ಮುಗಿದಿರುತ್ತವೆ ಎಂಬ ಮಾತು ಅದರಲ್ಲಿದೆ. ಅಕ್ವೈರ್ ಎಂದರೆ ಒಂದು ಓದು. ಅದರ ನಂತರದ ಯಾವ ಓದೂ, ಯಾವ ಬರಹವೂ ಅದಕ್ಕಿಂತ ಮುಂಚೆ ನಡೆಯುವುದಿಲ್ಲ. ಎರಡೂ ಸೇರಿದಾಗ ಸಿಗುವ ಭರವಸೆ ಇದು: ರಿಲೀಸ್ ಬರೆದ ಬೆಲೆಯನ್ನು ಅಕ್ವೈರ್ ಓದಿದ್ದೇ ಆದರೆ, ರಿಲೀಸ್‌ಗೆ ಮೊದಲು ನಡೆದದ್ದೆಲ್ಲ ಅಕ್ವೈರ್ ನಂತರ ಕಾಣುತ್ತದೆ. 'ಆದರೆ' ಎಂಬ ಷರತ್ತು ಮುಖ್ಯ. ಎಷ್ಟು ಬೇಗ ಕಾಣುತ್ತದೆ ಎಂಬ ಬಗ್ಗೆ ಇಲ್ಲಿ ಒಂದಕ್ಷರವೂ ಇಲ್ಲ. ಲಿನಕ್ಸ್‌ನಲ್ಲಿ ಇವುಗಳ ಹೆಸರು ಎಸ್‌ಎಂಪಿ ಸ್ಟೋರ್ ರಿಲೀಸ್, ಎಸ್‌ಎಂಪಿ ಲೋಡ್ ಅಕ್ವೈರ್. ತೂಕದ ಯಂತ್ರಕ್ಕೆ ಬೇಕಿದ್ದದ್ದು ಇವೆರಡೇ: 'ಸಿದ್ಧ' ಬರೆಯುವಲ್ಲಿ ಒಂದು, ಓದುವಲ್ಲಿ ಒಂದು.

ಒಮ್ಮೆಗೆ ಒಬ್ಬರನ್ನಷ್ಟೇ ಒಳಗೆ ಬಿಡುವ ಲಾಕ್ ಹಾಕುವುದು ಅಕ್ವೈರ್, ಬಿಡುವುದು ರಿಲೀಸ್. ಇದರಿಂದ ಒಂದು ವಿಷಯ ಹೊರಡುತ್ತದೆ, ಅನುಭವಸ್ಥರೂ ಮರೆಯುವಂಥದ್ದು. ಲಾಕ್ ಒಳಗಿನ ಕೆಲಸ ಹೊರಗೆ ಸೋರುವುದಿಲ್ಲ, ಆದರೆ ಹೊರಗಿನದು ಒಳಗೆ ನುಸುಳಬಹುದು. ಒಂದು ಲಾಕ್ ಬಿಟ್ಟು ಇನ್ನೊಂದು ಹಿಡಿದರೆ ಫುಲ್ ಬ್ಯಾರಿಯರ್ (ಯಾವ ಓದೂ, ಯಾವ ಬರಹವೂ ಯಾವ ಕಡೆಗೂ ದಾಟಲಾಗದ ಬೇಲಿ) ಸಿಕ್ಕಿತು ಎಂದು ನಂಬಬೇಡಿ.

ಹಾಗಾದರೆ ಫುಲ್ ಬ್ಯಾರಿಯರ್ ಯಾವಾಗ ಬೇಕು? ಮೊದಲು ಬರೆದು, ಆಮೇಲೆ ಬೇರೊಂದನ್ನು ಓದುವ ಕಡೆ. ಎ ಮತ್ತು ಬಿ ಎರಡೂ 0 ಇವೆ ಅಂದುಕೊಳ್ಳಿ. ಒಂದು ಸಿಪಿಯು ಎ ಅನ್ನು 1 ಮಾಡಿ ಬಿ ಓದುತ್ತದೆ. ಇನ್ನೊಂದು ಬಿ ಅನ್ನು 1 ಮಾಡಿ ಎ ಓದುತ್ತದೆ. ಇಬ್ಬರಿಗೂ 0 ಸಿಗಬಹುದು! ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1979ರಲ್ಲಿ ಹೇಳಿದ ಸೀಕ್ವೆನ್ಶಿಯಲ್ ಕನ್ಸಿಸ್ಟೆನ್ಸಿಯಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಎಲ್ಲರ ಕೆಲಸವನ್ನೂ, ಅವರವರ ಪ್ರೋಗ್ರಾಮ್ ಆರ್ಡರ್ ಕೆಡದಂತೆ, ಒಂದೇ ಸರತಿಯಲ್ಲಿ ಜೋಡಿಸಿಡಬಹುದು. ಆದರೆ ಕಟ್ಟುನಿಟ್ಟಿನದೆಂದು ಹೆಸರಾದ ಎಕ್ಸ್86ನಲ್ಲೂ ಈ ಒಂದು ಅದಲುಬದಲು ನಡೆಯುತ್ತದೆ. ಅಕ್ವೈರ್, ರಿಲೀಸ್ ಇದನ್ನು ತಡೆಯುವುದಿಲ್ಲ. ಎರಡೂ ಕಡೆ ಎಸ್‌ಎಂಪಿ ಎಂಬಿ, ಅಂದರೆ ಲಿನಕ್ಸ್‌ನ ಫುಲ್ ಬ್ಯಾರಿಯರ್, ಬೇಕು.

ಇದು ಸುಮ್ನೆ ಪರೀಕ್ಷೆಗೆ ಕೇಳುವ ಲೆಕ್ಕ ಅಲ್ಲ. ಕರ್ನಲ್‌ನಲ್ಲಿ ಕೆಲಸವಿಲ್ಲದ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಮಲಗುವ, ಅದನ್ನು ಎಬ್ಬಿಸುವ ಕೆಲಸ ಪೂರ್ತಿ ಇದರ ಮೇಲೇ ನಿಂತಿದೆ. ಮಲಗುವವನು 'ನಾನು ಮಲಗುತ್ತಿದ್ದೇನೆ' ಎಂದು ಬರೆದು, ಕೆಲಸ ಬಂದಿದೆಯೇ ಎಂದು ನೋಡುತ್ತಾನೆ. ಎಬ್ಬಿಸುವವನು ಕೆಲಸ ಬಂತೆಂದು ಬರೆದು, ಅವನು ಮಲಗಿದ್ದಾನೆಯೇ ಎಂದು ನೋಡುತ್ತಾನೆ. ಇಬ್ಬರಿಗೂ ಹಳೆಯದೇ ಕಂಡರೆ ಅವನು ಮಲಗಿಯೇ ಬಿಡುತ್ತಾನೆ, ಎಬ್ಬಿಸುವವರು ಯಾರೂ ಇಲ್ಲ. ಮಲಗುವವನು ಕರೆಯುವ ಸೆಟ್ ಕರೆಂಟ್ ಸ್ಟೇಟ್ ಒಳಗೆ, ಎಬ್ಬಿಸುವವನು ಕರೆಯುವ ವೇಕ್ ಅಪ್ ಪ್ರೊಸೆಸ್ ಒಳಗೆ ಫುಲ್ ಬ್ಯಾರಿಯರ್ ಇರುವುದು ಇದಕ್ಕಾಗಿ.

ಡಿಪೆಂಡೆನ್ಸಿ, ಅಂದರೆ ಒಂದು ಓದಿನ ಫಲದ ಮೇಲೆ ಮುಂದಿನ ಕೆಲಸ ನಿಂತಿರುವುದು, ಇದರ ಬಗ್ಗೆ ಎರಡೇ ಮಾತು. ಪಾಯಿಂಟರ್ (ಇನ್ನೊಂದು ಜಾಗದ ವಿಳಾಸ) ಓದಿ, ಅದು ತೋರಿಸುವ ಜಾಗ ಓದಿದರೆ ಆ ಕ್ರಮ ಉಳಿಯುತ್ತದೆ. ಲಾಕ್ ಹಿಡಿಯದೆ ಓದಲು ಬಿಡುವ ಕರ್ನಲ್‌ನ ಆರ್‌ಸಿಯು ವಿಧಾನ ನಂಬಿರುವುದು ಇದನ್ನೇ. ಲಿನಕ್ಸ್ ಓಡುವ ಯಂತ್ರಗಳಲ್ಲಿ ಇದನ್ನೂ ಮುರಿದದ್ದು ಡಿಇಸಿ ಆಲ್ಫಾ ಎಂಬ ಹಳೆಯ ಪ್ರೊಸೆಸರ್. ಈಗ ವೇರಿಯೇಬಲ್ ಓದಲು ಲಿನಕ್ಸ್‌ನಲ್ಲಿ ಬಳಸುವ ರೀಡ್ ಒನ್ಸ್ ಒಳಗೇ ಅದಕ್ಕೆ ಪರಿಹಾರ ಸೇರಿಸಿದ್ದಾರೆ. ಇಫ್ ಎಂಬ ಷರತ್ತು ಹಾಕಿ ಓದುವುದು ಮಾತ್ರ ಬೇರೆ. ಇಫ್ ಒಳಗಿನ ಬರಹ ಮೊದಲ ಓದಿಗಿಂತ ಮುಂಚೆ ನಡೆಯದು, ಆದರೆ ಇಫ್ ಒಳಗಿನ ಓದು ನಡೆಯಬಹುದು. ತೂಕದ ಯಂತ್ರದ ಹುಡುಗರು ನಂಬಿದ್ದು ಇದೇ ಇಫ್ ಅನ್ನು.

ರೀಡ್ ಒನ್ಸ್, ರೈಟ್ ಒನ್ಸ್ ಕಂಪೈಲರ್‌ಗೆ ಕಟ್ಟುವ ಬೇಲಿ. ಸಾಮಾನ್ಯವಾಗಿ ಸಿಪಿಯುವನ್ನು ಅವು ತಡೆಯುವುದಿಲ್ಲ ಎಂಬುದು ನೆನಪಿರಲಿ.

ಅನುಮಾನ ಬಂದಾಗ ಬೋರ್ಡ್ ಮೇಲೆ ರಾತ್ರಿಯಿಡೀ ಓಡಿಸಿ ನೋಡುವುದು ಪುರಾವೆಯಾಗುವುದಿಲ್ಲ. ಮುಂದಿನ ಚಿಪ್‌ನಲ್ಲಿ ಬೇರೆ ಥರ ಆದೀತು. 2018ರ 4.17ನೇ ಆವೃತ್ತಿಯಿಂದ ಲಿನಕ್ಸ್ ಮೂಲ ಕೋಡ್‌ನಲ್ಲೇ ಮೆಮೊರಿ ಮಾಡೆಲ್ (ಯಾವ ಕ್ರಮ ಸಾಧ್ಯ, ಯಾವುದು ಅಲ್ಲ ಎಂಬ ನಿಯಮಗಳು) ಇದೆ. ಟೂಲ್ಸ್ ಫೋಲ್ಡರ್‌ನಲ್ಲಿ ಸಿಗುತ್ತದೆ. ಹತ್ತಿಪ್ಪತ್ತು ಸಾಲಿನ ಪುಟ್ಟ ಪ್ರೋಗ್ರಾಮ್ ಬರೆದು ಹರ್ಡ್7 ಎಂಬ ಟೂಲ್‌ಗೆ ಕೊಟ್ಟರೆ, ನೀವು ಹೆದರುವ ಫಲಿತಾಂಶ ಆ ಮಾಡೆಲ್ ಪ್ರಕಾರ ಸಾಧ್ಯವೋ ಇಲ್ಲವೋ ಹೇಳುತ್ತದೆ. 'ನೆವರ್' ಬಂದರೆ ಮುಂದುವರಿಯಿರಿ, 'ಸಮ್‌ಟೈಮ್ಸ್' ಬಂದರೆ ಕೋಡ್ ತಿದ್ದಿ. ಬಿಡಿ ಬ್ಯಾರಿಯರ್ ಅನ್ನು ನೀವೇ ಹಾಕಿದಿರಾದರೆ ಪಕ್ಕದಲ್ಲಿ ಕಾಮೆಂಟ್ ಬರೆಯಿರಿ. ಬರೆಯದಿದ್ದರೆ ಕೋಡ್ ಪರಿಶೀಲಿಸುವ ಕರ್ನಲ್‌ನ ಚೆಕ್‌ಪ್ಯಾಚ್ ಕೂಡ ಎಚ್ಚರಿಸುತ್ತದೆ. ಕಾಮೆಂಟ್‌ನಲ್ಲಿ "ಆರ್ಡರಿಂಗ್‌ಗಾಗಿ" ಅಂತ ಬರೆದರೆ ಓದುವವರಿಗೆ ಏನೂ ಸಿಗದು. ಯಾವ ಎರಡು ವೇರಿಯೇಬಲ್, ಇದರ ಜೋಡಿ ಬ್ಯಾರಿಯರ್ ಯಾವ ಫಂಕ್ಷನ್‌ನಲ್ಲಿದೆ, ಅಷ್ಟನ್ನು ಹೆಸರು ಹಿಡಿದು ಬರೆಯಿರಿ.