ಸ್ಟ್ರಾ ಹೋಯ್ತು, ಮುಚ್ಚಳ ಉಳಿಯಿತು: ಥೀಮ್ ಪಾರ್ಕ್‌ಗಳ ಲೋಟದ ಕತೆ

ಪ್ಲಾಸ್ಟಿಕ್ ಸ್ಟ್ರಾ ವಿಷಯ ಈಗ ಎಷ್ಟು ಗೋಜಲಾಗಿದೆ ಅಂದರೆ, ಯಾರನ್ನು ಕೇಳಿದರೂ ಒಂದೊಂದು ಕತೆ ಹೇಳುತ್ತಾರೆ. ನಿಷೇಧ ಆಗಿದೆಯಲ್ಲ ಅಂತ ಒಬ್ಬರು. ಅಮೆರಿಕದಲ್ಲಿ ವಾಪಸ್ ಬಂತಂತೆ ಅಂತ ಇನ್ನೊಬ್ಬರು. ಕಾಗದದ ಸ್ಟ್ರಾದಲ್ಲೇ ಕೆಮಿಕಲ್ ಇದೆಯಂತೆ ಅಂತ ಮತ್ತೊಬ್ಬರು. ಮೂರರಲ್ಲೂ ಒಂದಷ್ಟು ಸತ್ಯ ಇದೆ. ಆದರೆ ಆ ಸ್ಟ್ರಾ ಚುಚ್ಚಿಕೊಂಡು ಕೂತಿರುವ ಮುಚ್ಚಳದ ಬಗ್ಗೆ ಯಾರೂ ಮಾತಾಡಲ್ಲ. ದಿನಕ್ಕೆ ಸಾವಿರಾರು ಜನ ಬಿಸಿಲಲ್ಲಿ ಸುತ್ತಾಡುತ್ತಾ ಕುಡಿಯುವ ಜಾಗ ಅಂದರೆ ಥೀಮ್ ಪಾರ್ಕು. ಹಾಗಾಗಿ ಈ ಕತೆಯನ್ನು ಅಲ್ಲಿಂದಲೇ ನೋಡುವುದು ಒಳ್ಳೆಯದು.

ಹಳೆಯದನ್ನು ಬೇಗ ಮುಗಿಸಿಬಿಡುತ್ತೇನೆ. ಕಾರ್ಖಾನೆಯಲ್ಲಿ ಮಾಡುವ ಇವತ್ತಿನ ಸ್ಟ್ರಾ ಹುಟ್ಟಿದ್ದೇ ಕಾಗದದಲ್ಲಿ. 1888ರಲ್ಲಿ ಅಮೆರಿಕದ ಮಾರ್ವಿನ್ ಸ್ಟೋನ್ ಅದಕ್ಕೆ ಪೇಟೆಂಟ್ ಪಡೆದರು, 1937ರಲ್ಲಿ ಜೋಸೆಫ್ ಫ್ರೀಡ್‌ಮನ್ ಬಾಗುವ ಸ್ಟ್ರಾಕ್ಕೆ ಪಡೆದರು, ಆಮೇಲೆ 1960ರ ದಶಕದ ಹೊತ್ತಿಗೆ ಅಗ್ಗದ ಪ್ಲಾಸ್ಟಿಕ್ ಬಂದು ಕಾಗದ ಮೂಲೆ ಸೇರಿತು. ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರಲ್ಲಿ. ಹಾಗಾಗಿ ಥೀಮ್ ಪಾರ್ಕು ಮತ್ತು ಒಮ್ಮೆ ಬಳಸಿ ಎಸೆಯುವ ಲೋಟ ಹೆಚ್ಚುಕಡಿಮೆ ಜೊತೆಜೊತೆಯಾಗಿಯೇ ಬೆಳೆದವು.

ನನಗೆ ತುಂಬಾ ಇಷ್ಟವಾದ ಘಟ್ಟ ಆಮೇಲಿನದು. 1998ರ ಏಪ್ರಿಲ್ 22, ಭೂಮಿ ದಿನ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಅನಿಮಲ್ ಕಿಂಗ್‌ಡಮ್ ಅನ್ನುವ ಹೊಸ ಪಾರ್ಕ್ ಬಾಗಿಲು ತೆರೆಯಿತು. ಅರ್ಧ ಪಾರ್ಕು, ಅರ್ಧ ಮೃಗಾಲಯ. ತೆರೆದ ಗಾಡಿಯಲ್ಲಿ ಕೂತು ಹೋದರೆ ಜಿರಾಫೆ, ಆನೆ, ಜಿಂಕೆ ಎಲ್ಲಾ ಪಕ್ಕದಲ್ಲೇ. ಅಂಥ ಕಡೆ ಗಾಡಿಯಿಂದ ಒಂದು ಪ್ಲಾಸ್ಟಿಕ್ ಸ್ಟ್ರಾ ಜಾರಿ ಹುಲ್ಲಿನ ಮೇಲೆ ಬಿತ್ತು ಅನ್ನಿ. ಹುಲ್ಲು ಮೇಯುವ ಪ್ರಾಣಿಗೆ ಅದು ಸ್ಟ್ರಾ ಅಂತ ಗೊತ್ತಾಗುತ್ತಾ? ಹುಲ್ಲಿನ ಜೊತೆಗೇ ಒಳಗೆ ಹೋಗುತ್ತದೆ. ಗಾಳಿಗೆ ಹಾರಿ ಹೋಗುವ ಹಗುರ ಮುಚ್ಚಳವೂ ಅಷ್ಟೇ ಅಪಾಯ. ಅದಕ್ಕೇ ಆ ಪಾರ್ಕಿನಲ್ಲಿ ಮೊದಲ ದಿನದಿಂದಲೂ ಪ್ಲಾಸ್ಟಿಕ್ ಸ್ಟ್ರಾ ಇಲ್ಲ, ಪ್ಲಾಸ್ಟಿಕ್ ಮುಚ್ಚಳವೂ ಇಲ್ಲ. ಸ್ಟ್ರಾ ಬೇಕು ಅಂದವರಿಗೆ ಕಾಗದದ್ದು. ಬಲೂನಿಗೂ ಪ್ರವೇಶ ಇಲ್ಲ.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಅಲ್ಲಿ ಬಂದವರೂ ಕೋಕ್ ಕುಡಿದರು, ಐಸ್ ಹಾಕಿಸಿಕೊಂಡರು, ಮಕ್ಕಳನ್ನು ಎತ್ತಿಕೊಂಡು ಕ್ಯೂನಲ್ಲಿ ನಿಂತರು. ಅಲ್ಲೊಂದು ಇಲ್ಲೊಂದು ಲೋಟ ಚೆಲ್ಲಿರಬಹುದು. ಪಾರ್ಕೇನೂ ನಿಂತುಹೋಗಲಿಲ್ಲ. ಆದರೆ ಅದೇ ಆವರಣದ ಪಕ್ಕದ ಪಾರ್ಕುಗಳಲ್ಲಿ ಇನ್ನೂ 20 ವರ್ಷ ಪ್ಲಾಸ್ಟಿಕ್ ಸ್ಟ್ರಾ, ಮುಚ್ಚಳ ಎರಡೂ ಹಾಗೇ ನಡೆದವು. ಕಣ್ಣೆದುರು ಪ್ರಾಣಿ ಇದ್ದಲ್ಲಿ ನಿಯಮ ಬಂತು, ಪ್ರಾಣಿ ಕಾಣದ ಕಡೆ ಬರಲಿಲ್ಲ.

ಹೊರಗಿನ ಜನರ ಕಣ್ಣಿಗೂ ಒಂದು ಪ್ರಾಣಿ ಬೀಳಬೇಕಾಯಿತು. ಅದಕ್ಕೂ ಮೊದಲು, 2011ರಲ್ಲಿ, ವರ್ಮಾಂಟ್ ರಾಜ್ಯದ 9 ವರ್ಷದ ಹುಡುಗ ಮೈಲೋ ಕ್ರೆಸ್ 'ಕೇಳಿದವರಿಗಷ್ಟೇ ಸ್ಟ್ರಾ ಕೊಡಿ' ಅಂತ ಅಭಿಯಾನ ಶುರುಮಾಡಿದ್ದ. ಅಮೆರಿಕದಲ್ಲಿ ದಿನಕ್ಕೆ 50 ಕೋಟಿ ಸ್ಟ್ರಾ ಬಳಕೆ ಅನ್ನುವ ಅಂದಾಜು ಅವನದೇ, ತಯಾರಕರಿಗೆ ಫೋನ್ ಮಾಡಿ ಹಾಕಿದ ಲೆಕ್ಕ. ಆಮೇಲೆ 2015ರಲ್ಲಿ ಕೋಸ್ಟಾ ರಿಕಾದ ಕಡಲಲ್ಲಿ ಕ್ರಿಸ್ಟೀನ್ ಫಿಗೆನರ್ ಎಂಬ ಸಂಶೋಧಕಿ ಮತ್ತು ಜೊತೆಗಾರರು ಒಂದು ಆಮೆಯ ಮೂಗಿನಿಂದ ಇಕ್ಕಳದಲ್ಲಿ ಸ್ಟ್ರಾ ಎಳೆದರು. ರಕ್ತ ಸೋರುತ್ತಾ, ಆಮೆ ಒದ್ದಾಡುತ್ತಾ ಇರುವ ಆ ವಿಡಿಯೊ ನೋಡಿದವರು ಮರೆತಿಲ್ಲ. ಅದು ಆಲಿವ್ ರಿಡ್ಲೆ ಜಾತಿಯ ಆಮೆ. ನಮ್ಮ ಹೊನ್ನಾವರ, ಕಾರವಾರದ ಮರಳಿಗೆ ಮೊಟ್ಟೆ ಇಡಲು ಬರುವುದೂ ಅದೇ ಜಾತಿ.

ಎಲ್ಲಾ ಒಟ್ಟಿಗೆ ಕೂಡಿಬಂದಿದ್ದು 2018ರಲ್ಲಿ. ಜೂನ್‌ನಲ್ಲಿ ಸೀವರ್ಲ್ಡ್ ಕಂಪನಿ ತನ್ನ 12 ಪಾರ್ಕ್‌ಗಳಿಂದ ಪ್ಲಾಸ್ಟಿಕ್ ಸ್ಟ್ರಾ ಮತ್ತು ಕೈಚೀಲ ತೆಗೆದಿದ್ದೇವೆ ಅಂತ ಹೇಳಿತು. ಜುಲೈ 1ರಿಂದ ಸಿಯಾಟಲ್ ನಗರದಲ್ಲಿ ನಿಷೇಧ ಬಂತು. ಅದೇ ಜುಲೈ ಕೊನೆಗೆ ಡಿಸ್ನಿ ಕೂಡ, ತಾನೇ ನಡೆಸುವ ಎಲ್ಲಾ ಕಡೆಗಳಿಂದ 2019ರ ಮಧ್ಯದ ಹೊತ್ತಿಗೆ ಪ್ಲಾಸ್ಟಿಕ್ ಸ್ಟ್ರಾ, ಕಲಕುವ ಕಡ್ಡಿ ಎರಡನ್ನೂ ತೆಗೆಯುವುದಾಗಿ ಪ್ರಕಟಿಸಿತು. ವರ್ಷಕ್ಕೆ 17.5 ಕೋಟಿ ಸ್ಟ್ರಾ, 1.3 ಕೋಟಿ ಕಡ್ಡಿ ಉಳಿಯುತ್ತದೆ ಅಂತ ಅವರದೇ ಲೆಕ್ಕ. ಭಾಗಿಸಿ ನೋಡಿದೆ, ದಿನಕ್ಕೆ ಸುಮಾರು 4 ಲಕ್ಷ 80 ಸಾವಿರ ಸ್ಟ್ರಾ! (ಟೋಕಿಯೋದ ಪಾರ್ಕುಗಳು ಇದರಲ್ಲಿ ಸೇರಲಿಲ್ಲ. ಅವನ್ನು ಜಪಾನಿನ ಬೇರೆ ಕಂಪನಿ ಲೈಸೆನ್ಸ್ ಮೇಲೆ ನಡೆಸುತ್ತದೆ.) ಹೋಟೆಲಿನ ಶಾಂಪೂ ಬಾಟಲಿ, ಥರ್ಮೊಕೋಲ್ ಲೋಟ, ಕೈಚೀಲ, ಇವುಗಳ ಬಗ್ಗೆಯೂ ಆ ಪ್ರಕಟಣೆಯಲ್ಲಿ ಮಾತಿತ್ತು. ಮುಚ್ಚಳಕ್ಕೆ ಮಾತ್ರ ಯಾವ ಗಡುವೂ ಬೀಳಲಿಲ್ಲ.

ಯಾಕೆ ಹೀಗೆ? ಕೈಯಲ್ಲಿ ಲೋಟ ಹಿಡಿದರೆ ಗೊತ್ತಾಗುತ್ತದೆ. ಕಳೆದ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಇಲ್ಲೇ ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಮೂರು ಕೋಲ್ಡ್ ಕಾಫಿ ಹೇಳಿದೆವು. ಕಾಗದದ ಲೋಟ, ಕಾಗದದ ಸ್ಟ್ರಾ, ಮೇಲೆ ಗಟ್ಟಿ ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳದ ನಡುವೆ ಕೂಡಿಸುವ ಚಿಹ್ನೆಯ ಹಾಗೆ ಒಂದು ಸೀಳು. ಮಗಳು ಸ್ಟ್ರಾ ತೂರಿಸಿ ಆಚೆ ಈಚೆ ಆಡಿಸುತ್ತಾ ಕುಡಿದಳು. ಸೀಳಿನ ಅಂಚು ಉಜ್ಜಿ ಉಜ್ಜಿ ಐದೇ ನಿಮಿಷಕ್ಕೆ ಕಾಗದದ ಪದರ ಬಿಟ್ಟುಕೊಂಡಿತು, ತುದಿ ಮೆತ್ತಗಾಗಿ ಅಂಟಿಕೊಂಡಿತು. ಕೊನೆಗೆ ಮುಚ್ಚಳ ಕಿತ್ತು ಹಾಗೇ ಬಾಯಿಟ್ಟು ಕುಡಿದಳು. ಆ ಮುಚ್ಚಳ ಪ್ಲಾಸ್ಟಿಕ್ ಸ್ಟ್ರಾಕ್ಕೆಂದೇ ಮಾಡಿದ ವಿನ್ಯಾಸ. ಸ್ಟ್ರಾ ಬದಲಾಯಿತು, ಅದು ಚುಚ್ಚುವ ಜಾಗ ಬದಲಾಗಲಿಲ್ಲ. ಜನ ಬೈದಿದ್ದು ಮಾತ್ರ ಕಾಗದವನ್ನು.

ಬೈಗುಳ ಬೇರೆ ಕಡೆಯಿಂದಲೂ ಬಂತು, ಕೆಲವಕ್ಕೆ ಕಾರಣವೂ ಇತ್ತು. ಕೈ ನಡುಗುವವರಿಗೆ, ನುಂಗಲು ಕಷ್ಟ ಇರುವವರಿಗೆ ಬಾಗುವ ಪ್ಲಾಸ್ಟಿಕ್ ಸ್ಟ್ರಾ ಬೇಕೇ ಬೇಕು. ಕಾಗದ ಬಾಯಲ್ಲೇ ಕರಗುತ್ತದೆ, ಸ್ಟೀಲ್ ತಾಗಿ ಗಾಯ ಆಗಬಹುದು. ಸಿಯಾಟಲ್ ಅಂಥವರಿಗೆ ವಿನಾಯಿತಿ ಇಟ್ಟಿತು. ಕ್ಯಾಲಿಫೋರ್ನಿಯಾ 2019ರಿಂದ, ಕೂತು ತಿನ್ನುವ ಹೋಟೆಲುಗಳಲ್ಲಿ ಗ್ರಾಹಕರು ಕೇಳಿದರಷ್ಟೇ ಪ್ಲಾಸ್ಟಿಕ್ ಸ್ಟ್ರಾ ಕೊಡಬೇಕು ಅಂದಿತು. ಆ 9 ವರ್ಷದ ಹುಡುಗ ಹೇಳಿದ್ದೂ ಇದನ್ನೇ ಅಲ್ವಾ? 2023ರಲ್ಲಿ ಬೆಲ್ಜಿಯಂನ ಸಂಶೋಧಕರು 20 ಬ್ರ್ಯಾಂಡಿನ ಕಾಗದದ ಸ್ಟ್ರಾ ಪರೀಕ್ಷಿಸಿದಾಗ 18ರಲ್ಲಿ ಪಿಎಫ್‌ಎಎಸ್ ಎಂಬ, ಸುಲಭವಾಗಿ ನಾಶವಾಗದ ರಾಸಾಯನಿಕಗಳು ಸಿಕ್ಕವು, ಪ್ರಮಾಣ ಕಡಿಮೆಯೇ ಇದ್ದರೂ. ಪ್ಲಾಸ್ಟಿಕ್ ಸ್ಟ್ರಾಗಳಲ್ಲೂ ಮುಕ್ಕಾಲು ಪಾಲಿನಲ್ಲಿ ಸಿಕ್ಕವು ಅನ್ನುವುದು ಅಷ್ಟು ಸುದ್ದಿಯಾಗಲಿಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರು ಸರ್ಕಾರಿ ಕಚೇರಿಗಳು ಕಾಗದದ ಸ್ಟ್ರಾ ಕೊಳ್ಳಬಾರದು ಅಂತ ಆದೇಶಕ್ಕೆ ಸಹಿ ಹಾಕಿದರು. 'ವಾಪಸ್ ಬಂತು' ಅನ್ನುವ ಸುದ್ದಿಯ ಮೂಲ ಅದು. ನಗರ, ರಾಜ್ಯಗಳ ಕಾನೂನು ಅದರಿಂದ ತಾನಾಗಿಯೇ ಬಿದ್ದುಹೋಗಲಿಲ್ಲ.

ಸ್ಟ್ರಾ ಇಲ್ಲದೆ ನೇರವಾಗಿ ಕುಡಿಯುವ ಮುಚ್ಚಳವೂ ಬಂತು. ಸ್ಟಾರ್‌ಬಕ್ಸ್ 2018ರಲ್ಲಿ ಅದನ್ನೇ ಪರಿಹಾರ ಅಂತ ತೋರಿಸಿತು. ಹಳೆಯ ಮುಚ್ಚಳ ಮತ್ತು ಸ್ಟ್ರಾ ಸೇರಿದಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ತೂಕ ಹೊಸ ಮುಚ್ಚಳದ್ದೇ ಇದೆ ಅಂತ ಕೆಲವರು ತೂಗಿ ತೋರಿಸಿದರು. ಇದನ್ನು ಮರುಬಳಕೆ ಮಾಡಬಹುದು ಅನ್ನುವುದು ಕಂಪನಿಯ ಉತ್ತರ. ಆದರೆ ಮುಚ್ಚಳಗಳಲ್ಲೇ ಮೂರ್ನಾಲ್ಕು ಬಗೆಯ ಪ್ಲಾಸ್ಟಿಕ್ ಇದೆ, ನೋಡಲು ಎಲ್ಲಾ ಒಂದೇ ಥರ. ಹಾಲು, ಸಿರಪ್ ಮೆತ್ತಿಕೊಂಡ ಅವನ್ನು ಕೂತು ಬೇರ್ಪಡಿಸುವವರು ಯಾರು?

ಮುಚ್ಚಳದ ಹೆಸರು ಹಿಡಿದು ಕಾನೂನು ಬರೆದದ್ದು ಫ್ರಾನ್ಸ್. 2021ರ ಜನವರಿಯಿಂದ ಅಲ್ಲಿ ಸ್ಟ್ರಾ ಜೊತೆಗೇ ಲೋಟದ ಪ್ಲಾಸ್ಟಿಕ್ ಮುಚ್ಚಳವನ್ನೂ ನಿಷೇಧಿಸಿದರು. 2023ರಿಂದ, 20 ಅಥವಾ ಅದಕ್ಕಿಂತ ಹೆಚ್ಚು ಆಸನ ಇರುವ ಕಡೆ ಕೂತು ತಿನ್ನುವವರಿಗೆ ತೊಳೆದು ಬಳಸುವ ಲೋಟ, ತಟ್ಟೆಯಲ್ಲೇ ಕೊಡಬೇಕು. ಪ್ಯಾರಿಸ್ ಹತ್ತಿರದ ಡಿಸ್ನಿಲ್ಯಾಂಡ್ ಇರುವುದೂ ಇದೇ ಕಾನೂನಿನ ಕೆಳಗೆ. ಫ್ಲೋರಿಡಾದ ಯೂನಿವರ್ಸಲ್ ಪಾರ್ಕುಗಳಲ್ಲಿ ಚಿಪ್ ಇರುವ ಲೋಟ ಕೊಂಡರೆ ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದು. ಇಡೀ ದಿನಕ್ಕೆ ಒಂದೇ ಲೋಟ, ಒಂದೇ ಮುಚ್ಚಳ. ನನಗೆ ಭರವಸೆ ಹುಟ್ಟಿಸುವುದು ಈ ದಾರಿ.

ನಮ್ಮಲ್ಲಿ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂತು. ಪಟ್ಟಿಯಲ್ಲಿ ಪ್ಲಾಸ್ಟಿಕ್ ಸ್ಟ್ರಾ ಇದೆ, ಕಡ್ಡಿ ಇದೆ, ತಟ್ಟೆ, ಲೋಟ, ಚಮಚ, ಸ್ವೀಟ್ ಡಬ್ಬಕ್ಕೆ ಸುತ್ತುವ ಹಾಳೆಯೂ ಇದೆ. ಲೋಟದ ಮುಚ್ಚಳ ಇಲ್ಲ. ಸ್ಟ್ರಾಕ್ಕೆ ಬದಲಿ ಹುಡುಕಿದವರಂತೂ ಇಲ್ಲೇ ಇದ್ದಾರೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಾಜಿ ವರ್ಗೀಸ್, ಉದುರಿ ಬಿದ್ದ ತೆಂಗಿನ ಗರಿಯಿಂದ ಸ್ಟ್ರಾ ಮಾಡುವ ವಿಧಾನ ಕಂಡುಹಿಡಿದರು. ಒಣ ಗರಿಯನ್ನು ಸುತ್ತಿ ಮಾಡಿದ ಕಂದು ಬಣ್ಣದ ಕೊಳವೆ ಅದು.

ಅವತ್ತು ಪಾರ್ಕಿನ ಕಸದ ಬುಟ್ಟಿ ತುಂಬಿ ಕೆಳಗೆ ಚೆಲ್ಲಿತ್ತು. ಹಾಗಾಗಿ ಮೂರೂ ಮುಚ್ಚಳವನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ತಂದೆ. ತೊಳೆದು, ಬಾಟಲಿಗಳ ಜೊತೆ ಒಣ ಕಸಕ್ಕೆ ಇಟ್ಟೆ. ಕಸದ ಆಟೋದ ಹುಡುಗ ಬಾಟಲಿ ಆರಿಸಿ ಒಂದು ಚೀಲಕ್ಕೆ ಹಾಕಿಕೊಂಡ, ಮುಚ್ಚಳ ಎತ್ತಿ ನೋಡಿ ಬೇರೆ ಕಡೆ ಎಸೆದ. ಯಾಕಪ್ಪಾ ಅಂದೆ. "ಅಕ್ಕಾ, ಬಾಟ್ಲಿಗಾದ್ರೆ ರೇಟ್ ಸಿಗುತ್ತೆ, ಇದನ್ನ ಗುಜರಿಯವ್ರು ಮುಟ್ಟಲ್ಲ" ಅಂದ.