ಹೊಟ್ಟೆಗೆ ಹಾಕಿಕೊಂಡ ಸಂಕಟ

"ಹೋಗ್ಲಿ ಬಿಡು, ಹೊಟ್ಟೆಗೆ ಹಾಕ್ಕೋ." ಯಾರಾದರೂ ನೋಯಿಸಿದರೆ ನಮ್ಮ ಕಡೆ ಹಿರಿಯರು ಹೇಳುವ ಮಾತು ಇದು. ತೀರ್ಥಹಳ್ಳಿ ಕಡೆಯ ನನ್ನ ನೆಂಟರೊಬ್ಬರು ವರ್ಷಗಟ್ಟಲೆ ಹಾಗೆ ಹೊಟ್ಟೆಗೆ ಹಾಕಿಕೊಂಡೇ ಬದುಕಿದವರು. ಮಳೆಗಾಲದ ರಾತ್ರಿ ಎಲ್ಲರೂ ಮಲಗಿದ ಮೇಲೆ, ಲೈಟ್ ಹಾಕದೆ, ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದರು. ತಣ್ಣಗಾದ ಕಡುಬು, ಬೆಲ್ಲ, ಹಲಸಿನ ಚಿಪ್ಸ್. ಹಸಿವೂ ಇಲ್ಲ, ರುಚಿಯೂ ಗೊತ್ತಾಗುತ್ತಿರಲಿಲ್ಲವಂತೆ. ಸದ್ದಾಗಬಾರದು ಅಂತ ಡಬ್ಬಿಯ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ಒತ್ತುತ್ತಿದ್ದರು. ಬೆಳಗ್ಗೆ ಡಬ್ಬಿ ಖಾಲಿ ಇದ್ದರೆ "ಬಾಯಿ ಚಪಲ" ಅನ್ನುವ ಮಾತು ಬೇರೆ.

ಅದು ಚಪಲ ಅಲ್ಲ. ವೈದ್ಯರು ಇದನ್ನು ಬಿಂಜ್ ಈಟಿಂಗ್ ಅನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ವಿಪರೀತ ತಿನ್ನುವುದು, ನಿಲ್ಲಿಸಬೇಕು ಅಂದರೂ ಆಗದಿರುವುದು, ನಾಚಿಕೆಗೆ ಒಬ್ಬರೇ ತಿನ್ನುವುದು, ಆಮೇಲೆ ತಮ್ಮ ಮೇಲೇ ಅಸಹ್ಯ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಆದರೆ ಅಲ್ಲಿನ ಮನೋವೈದ್ಯರ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಒಪ್ಪಿದ್ದು 2013ರಲ್ಲಿ. ಅಷ್ಟು ವರ್ಷ ಎಷ್ಟು ಜನ ಸುಮ್ನೆ ಬೈಸಿಕೊಂಡರೋ!

ಚಿಕಿತ್ಸೆಯ ಒಂದು ದಾರಿ ಬೇರೆ ಕಡೆಯಿಂದ ಬಂತು. ಸಾಯಬೇಕು ಅನ್ನಿಸುವಷ್ಟು ಭಾವನೆಗಳ ಹೊಡೆತಕ್ಕೆ ಸಿಕ್ಕವರಿಗಾಗಿ ಅಮೆರಿಕದ ಸಿಯಾಟಲ್‌ನ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನುವ ಮಾತಿನ ಚಿಕಿತ್ಸೆಯ ಪದ್ಧತಿ ಕಟ್ಟಿದ್ದರು. ಸಂಕಟ ತಡೆಯಲಾಗದೆ ತಿನ್ನುವವರಿಗೂ ಇದು ಹೊಂದಬಹುದಲ್ವಾ ಅಂತ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟಿ ಟೆಲ್ಚ್ ಮತ್ತು ಜೊತೆಗಾರರು ಯೋಚಿಸಿದರು. 44 ಹೆಂಗಸರ ಮೇಲೆ ಅವರು ನಡೆಸಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಗುಂಪಿನಲ್ಲಿ ಕೂರಬೇಕು, ಹೀಗೆ 20 ವಾರ. ಚಿಕಿತ್ಸೆ ಮುಗಿಸಿದವರಲ್ಲಿ ಶೇ. 89 ಮಂದಿಗೆ ಆ ತಿನ್ನಾಟ ನಿಂತಿತ್ತು. ಆರು ತಿಂಗಳ ನಂತರ ನೋಡಿದಾಗ ಅದು ಶೇ. 56ಕ್ಕೆ ಇಳಿದಿತ್ತು. ಹಾಗಾಗಿ ಇದು ಮಂತ್ರ ಅಲ್ಲ.

ಗುಂಪಿನಲ್ಲಿ ಏನು ಮಾಡುತ್ತಾರೆ? ಡಯಟ್ ಚಾರ್ಟ್ ಕೊಡುವುದಲ್ಲ. ತಿಂದ ಕ್ಷಣದಿಂದ ಹಿಂದಕ್ಕೆ ಹೋಗುತ್ತಾರೆ. ನಮ್ಮ ನೆಂಟರದ್ದೇ ತಗೊಳ್ಳಿ. ರಾತ್ರಿ ಡಬ್ಬಿ ತೆಗೆದರು. ಅದಕ್ಕೆ ಮೊದಲು? ನಿದ್ದೆ ಬಂದಿರಲಿಲ್ಲ. ಅದಕ್ಕೂ ಮೊದಲು? ಎಲ್ಲರೆದುರು ಒಂದು ಮಾತು ಕೇಳಬೇಕಾಯಿತು, ಗಂಟಲು ಬಿಗಿದಿತ್ತು, ತಿರುಗಿ ಹೇಳಲಿಲ್ಲ. ಆ ಸರಪಳಿಯ ಯಾವ ಕೊಂಡಿ ಬಿಡಿಸಬಹುದು ಅಂತ ಎಲ್ಲರೂ ಸೇರಿ ಹುಡುಕುತ್ತಾರೆ. ಎದ್ದ ಸಿಟ್ಟಿಗೆ, ದುಃಖಕ್ಕೆ ಹೆಸರಿಡುವುದು, ಅದು ಇಳಿಯುವ ತನಕ ತಡೆದುಕೊಳ್ಳುವುದು, ಇವನ್ನೆಲ್ಲ ಸೈಕಲ್ ಕಲಿತ ಹಾಗೆ ಅಭ್ಯಾಸ ಮಾಡಬೇಕು. ಕದ್ದು ತಿನ್ನುವ ಕಾಯಿಲೆಗೆ ನಾಲ್ಕು ಜನರೆದುರು ಬಾಯಿಬಿಟ್ಟು ಹೇಳುವುದೇ ಅರ್ಧ ಮದ್ದು ಅಂತ ನನಗನ್ನಿಸುತ್ತದೆ.

ಮಲೆನಾಡಿನಲ್ಲಿ ಇದೇ ಕಷ್ಟ. ತೋಟದ ನಡುವೆ ಒಂಟಿ ಮನೆ, ಮಾತು ಹೊರಗೆ ಹೋದೀತು ಅನ್ನುವ ಹೆದರಿಕೆ ಜಾಸ್ತಿ. ಹೊಸನಗರದ ಮೂಲೆಯಿಂದ ಜೋರು ಮಳೆಯಲ್ಲಿ 20 ವಾರ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬನ್ನಿ ಅಂತ ಯಾರಿಗೆ ಹೇಳುವುದು? ಸದ್ಯಕ್ಕೆ ಮೊದಲ ಮಾತಿಗೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಹೊತ್ತೂ ಎತ್ತುತ್ತಾರೆ.