ವೈಫೈ ಅಡಾಪ್ಟರ್ ಆರಿಸುವುದು: ಬಾಕ್ಸ್ ಮೇಲಿನ ಅಂಕಿ ಬಿಡಿಸಿ ನೋಡೋಣ

ಡೆಸ್ಕ್‌ಟಾಪ್‌ಗೆ ವೈಫೈ ಅಡಾಪ್ಟರ್ ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಎಸಿ600, ಎಸಿ1200, ಎಎಕ್ಸ್1800, ಎಎಕ್ಸ್3000 ಎಂಬ ಹೆಸರುಗಳು. ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಆದರೆ ಅಡಾಪ್ಟರ್‌ನ ಕೈಲಿ ಏನಾಗುತ್ತದೆ ಅನ್ನುವುದನ್ನಷ್ಟೇ ಆ ಅಂಕಿ ಹೇಳುತ್ತದೆ. ನಿಮಗೆ ನಿಜವಾಗಿ ಎಷ್ಟು ಸಿಗುತ್ತದೆ ಅನ್ನುವುದು ರೂಟರ್ ಮತ್ತು ಆಂಟೆನಾ ಇರುವ ಜಾಗದ ಮೇಲೆ ನಿಂತಿದೆ. ಯಾಕೆ ಅಂತ ನೋಡೋಣ.

ಅಂಕಿಯ ಒಳಗೆ ಏನಿದೆ?

ಎಸಿ1200 ತೆಗೆದುಕೊಳ್ಳಿ. ಎಸಿ ಅಂದರೆ 802.11ಎಸಿ. ವೈಫೈ ಅಲಯನ್ಸ್ 2018ರಲ್ಲಿ ಸುಲಭದ ಹೆಸರುಗಳನ್ನು ತಂದ ಮೇಲೆ ಇದು ವೈಫೈ 5 ಆಯಿತು. ಅದಕ್ಕಿಂತ ಹಳೆಯ 802.11ಎನ್ ವೈಫೈ 4, ಹೊಸದಾದ 802.11ಎಎಕ್ಸ್ ವೈಫೈ 6.

ಇನ್ನು 1200. ಇದು ಒಂದೇ ವೇಗವಲ್ಲ, ಎರಡು ವೇಗಗಳ ಮೊತ್ತ. 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ (ಅಂದರೆ ರೇಡಿಯೊ ಅಲೆಗಳ ಪಟ್ಟಿಯಲ್ಲಿ) 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), 5 ಗಿಗಾಹರ್ಟ್ಸ್‌ನಲ್ಲಿ 867. ಕೂಡಿಸಿದರೆ 1167, ಅದನ್ನೇ 1200 ಅಂತ ಬರೆದಿರುತ್ತಾರೆ. ವೈಫೈ 6ರವರೆಗಿನ ಅಡಾಪ್ಟರ್ ಒಂದು ಸಲಕ್ಕೆ ಒಂದೇ ಬ್ಯಾಂಡ್‌ನಲ್ಲಿ ರೂಟರ್ ಜೊತೆ ಮಾತಾಡುತ್ತದೆ. ಹಾಗಾಗಿ ನಿಮಗೆ ಲೆಕ್ಕಕ್ಕೆ ಬರುವುದು 867 ಮಾತ್ರ.

ಈ 867 ಎಲ್ಲಿಂದ ಬಂತು? ಒಂದು ಸಲ ಕೈಯಾರೆ ಲೆಕ್ಕ ಮಾಡಿ ನೋಡಿ. 80 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಡೇಟಾ ಹೊರುವ ಉಪವಾಹಕಗಳು, ಅಂದರೆ ಚಾನೆಲ್‌ನ ಸಣ್ಣ ಸಣ್ಣ ಪಾಲುಗಳು, 234. 256-ಕ್ಯುಎಎಂ ಎಂಬ ಸಂಕೇತ ವಿಧಾನದಲ್ಲಿ ಒಂದೊಂದೂ ಒಂದು ಸಲಕ್ಕೆ 8 ಬಿಟ್ ಹೊರುತ್ತದೆ. ಅದರಲ್ಲಿ ಆರರಲ್ಲಿ ಐದು ಪಾಲು ನಿಜವಾದ ಡೇಟಾ, ಉಳಿದದ್ದು ತಪ್ಪು ತಿದ್ದಲು. 234 × 8 × 5/6 = 1560 ಬಿಟ್. ಇಷ್ಟು ಬಿಟ್ ಹೋಗಲು 3.6 ಮೈಕ್ರೊಸೆಕೆಂಡ್ ಬೇಕು. ಭಾಗಿಸಿದರೆ 433 ಎಂಬಿಪಿಎಸ್. ಇದು ಒಂದು ಸ್ಟ್ರೀಮ್‌ನ, ಅಂದರೆ ಒಂದು ಡೇಟಾ ಧಾರೆಯ, ವೇಗ. ಎರಡು ಆಂಟೆನಾ, ಎರಡು ಸ್ಟ್ರೀಮ್ ಇದ್ದರೆ 867. ಎಸಿ600 ಅನ್ನುವ ಪುಟ್ಟ ಡಾಂಗಲ್‌ಗಳಲ್ಲಿ ಒಂದೇ ಸ್ಟ್ರೀಮ್: 150 ಮತ್ತು 433.

ವೈಫೈ 6ರಲ್ಲಿ ಒಂದೊಂದು ಉಪವಾಹಕ 10 ಬಿಟ್ ಹೊರುವುದರಿಂದ, ಉಪವಾಹಕಗಳ ಸಂಖ್ಯೆ ಮತ್ತು ಸಮಯದ ಲೆಕ್ಕವೂ ಬದಲಾಗಿರುವುದರಿಂದ, ಅದೇ 80 ಮೆಗಾಹರ್ಟ್ಸ್‌ನಲ್ಲಿ ಸ್ಟ್ರೀಮ್‌ಗೆ 600 ಬರುತ್ತದೆ. ಎರಡು ಸ್ಟ್ರೀಮ್‌ಗೆ 1201. ಇದಕ್ಕೆ 2.4ರ 574 ಸೇರಿಸಿದರೆ ಎಎಕ್ಸ್1800. ಹಾಗಾದರೆ ಎಎಕ್ಸ್3000ದಲ್ಲಿ ಹೆಚ್ಚಿಗೆ ಏನಿದೆ? ಆಂಟೆನಾ ಅಷ್ಟೇ, ಸ್ಟ್ರೀಮ್ ಅಷ್ಟೇ. ಚಾನೆಲ್ ಅಗಲ ಮಾತ್ರ ದುಪ್ಪಟ್ಟು, 160 ಮೆಗಾಹರ್ಟ್ಸ್. ಅದರಿಂದ 1201 ಹೋಗಿ 2402 ಆಗುತ್ತದೆ. ನಿಮ್ಮ ರೂಟರ್‌ಗೆ 160 ಮೆಗಾಹರ್ಟ್ಸ್ ಬರದಿದ್ದರೆ ಎರಡು ಅಡಾಪ್ಟರ್‌ಗಳೂ ಒಂದೇ ವೇಗ ಕೊಡುತ್ತವೆ. ಸುಮ್ನೆ ದುಡ್ಡು ಜಾಸ್ತಿ ಕೊಟ್ಟ ಹಾಗಾಗುತ್ತದೆ, ಅಲ್ವಾ? ಅದಕ್ಕೇ ಮೊದಲು ರೂಟರ್‌ನ ಮಾದರಿ ನೋಡಿ, ಆಮೇಲೆ ಅಡಾಪ್ಟರ್ ಹುಡುಕಿ.

ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆರೆದರೆ ಬ್ಯಾಂಡ್, ಚಾನೆಲ್, ಲಿಂಕ್ ಸ್ಪೀಡ್ ಮೂರೂ ಕಾಣುತ್ತವೆ. ಎಸಿ1200 ಅಡಾಪ್ಟರ್ ಇದ್ದೂ ಲಿಂಕ್ ಸ್ಪೀಡ್ 433 ಕ್ಕೆ ನಿಂತಿದ್ದರೆ ಒಂದೇ ಸ್ಟ್ರೀಮ್ ನಡೆಯುತ್ತಿದೆ ಅಂತ ಅನುಮಾನಿಸಿ. ಒಂದು ಆಂಟೆನಾ ಸಡಿಲವಾಗಿರಬಹುದು. 144 ತೋರಿಸುತ್ತಿದ್ದರೆ ಬಹುಶಃ 2.4ರಲ್ಲಿ, 20 ಮೆಗಾಹರ್ಟ್ಸ್ ಚಾನೆಲ್‌ನಲ್ಲಿದ್ದೀರಿ. ಲಿಂಕ್ ಸ್ಪೀಡ್ ಪೂರ್ತಿ ಡೌನ್‌ಲೋಡ್ ವೇಗವಾಗಿ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ಸ್ವೀಕೃತಿ ಸಂದೇಶ, ಸರದಿಗೆ ಕಾಯುವುದು, ಇವೆಲ್ಲ ಸಮಯ ತಿನ್ನುತ್ತವೆ.

ಯುಎಸ್‌ಬಿಯೋ, ಪಿಸಿಐಇ ಕಾರ್ಡೋ?

ಪಿಸಿಐಇ ಅಂದರೆ ಕ್ಯಾಬಿನೆಟ್ ಒಳಗೆ ಮದರ್‌ಬೋರ್ಡ್‌ಗೆ ಚುಚ್ಚುವ ಕಾರ್ಡ್. ಯುಎಸ್‌ಬಿ ಸುಲಭ, ಪಿಸಿಐಇ ವೇಗ ಅಂತ ಹೇಳಿ ಮುಗಿಸುವುದುಂಟು. ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಆಂಟೆನಾ ಎಲ್ಲಿ ಬಂದು ಕೂರುತ್ತದೆ?

ಪಿಸಿಐಇ ಕಾರ್ಡ್‌ನ ಆಂಟೆನಾಗಳನ್ನು ಕ್ಯಾಬಿನೆಟ್‌ನ ಹಿಂಬದಿಗೆ ತಿರುಗಿಸಿ ಕೂರಿಸುತ್ತೇವೆ. ಕ್ಯಾಬಿನೆಟ್ ಮೇಜಿನ ಕೆಳಗೆ, ಹಿಂಬದಿ ಗೋಡೆಗೆ ಅಂಟಿಕೊಂಡ ಹಾಗೆ ಇರುತ್ತದೆ. ರೂಟರ್ ಇನ್ನೊಂದು ಕಡೆ ಇದ್ದರೆ ನಡುವೆ ಕ್ಯಾಬಿನೆಟ್‌ನ ಲೋಹವೇ ಅಡ್ಡ ಬರುತ್ತದೆ. 5 ಗಿಗಾಹರ್ಟ್ಸ್‌ಗೆ ಇದು ಇನ್ನೂ ಕಷ್ಟ. ಅಡ್ಡಿಯೇ ಇಲ್ಲದ ಜಾಗದಲ್ಲೂ, ಒಂದೇ ತರಹದ ಆಂಟೆನಾ ಇದ್ದರೆ, ಅಷ್ಟೇ ದೂರಕ್ಕೆ 2.4ಕ್ಕಿಂತ 6 ಡೆಸಿಬಲ್‌ಗೂ ಜಾಸ್ತಿ ನಷ್ಟವಾಗುತ್ತದೆ. ಅಂದರೆ ಬಂದು ತಲುಪುವ ಶಕ್ತಿ ಕಾಲು ಭಾಗಕ್ಕಿಂತ ಕಡಿಮೆ. ಗೋಡೆಗಳ ನಷ್ಟ ಅದರ ಮೇಲೆ. ಅದಕ್ಕೆ ಪಿಸಿಐಇ ಆರಿಸುವುದಾದರೆ ತಂತಿಯ ತುದಿಯಲ್ಲಿ ಆಂಟೆನಾ ಇರುವ, ಮೇಜಿನ ಮೇಲೆ ಇಡಬಹುದಾದ ಮಾದರಿಯನ್ನೇ ನೋಡಿ. ಹಲವದರ ತಳದಲ್ಲಿ ಆಯಸ್ಕಾಂತ ಇರುತ್ತದೆ, ಕಬ್ಬಿಣ ಇರುವ ಕಡೆ ಅಂಟಿಸಬಹುದು.

ಯುಎಸ್‌ಬಿ ಅಡಾಪ್ಟರ್‌ನಲ್ಲಿ ಈ ತೊಂದರೆಗೆ ಮದ್ದು ಸುಲಭ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಲಕ್ಕೆ ತಂದರೆ ಆಯಿತು. ಉಗುರಿನಷ್ಟು ದೊಡ್ಡ ಡಾಂಗಲ್‌ಗಿಂತ, ಕಡ್ಡಿ ಆಂಟೆನಾ ಇರುವುದು ಮೇಲು. ಪೋರ್ಟ್ ಮಾತ್ರ ನೋಡಿಕೊಳ್ಳಿ. ಯುಎಸ್‌ಬಿ 2.0 ಕಾಗದದ ಮೇಲೇ 480 ಎಂಬಿಪಿಎಸ್. ಕೈಗೆ ಸಿಗುವುದು ಇನ್ನೂ ಕಡಿಮೆ. 867ರ ಅಡಾಪ್ಟರ್ ಅಲ್ಲಿ ಚುಚ್ಚಿದರೆ ಪೋರ್ಟೇ ಅದರ ಕತ್ತು ಹಿಸುಕುತ್ತದೆ.

ಹಾಗಂತ ಯುಎಸ್‌ಬಿ 3.0ರಲ್ಲಿ ತೊಂದರೆ ಇಲ್ಲವೇ ಅಂದರೆ, ಇದೆ. ಅದರ ಸಂಕೇತದ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲೂ ಹರಡುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಪಕ್ಕದಲ್ಲಿ ಹಾರ್ಡ್‌ಡಿಸ್ಕ್ ಹಾಕಿದಾಗ ವೈಫೈ ಮಂಕಾದರೆ ಕಾರಣ ಇದಾಗಿರಬಹುದು. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರ್ ಅನ್ನು ಆ ಪೋರ್ಟ್‌ನಿಂದ ದೂರ ತನ್ನಿ, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಮದರ್‌ಬೋರ್ಡ್‌ನಲ್ಲಿ ವೈಫೈಗಾಗಿಯೇ ಎಂ.2 ಸ್ಲಾಟ್ (ಪುಟ್ಟ ಕಾರ್ಡ್ ಕೂರುವ ಜಾಗ) ಇದ್ದರೆ ಅದೂ ಒಂದು ದಾರಿ. ಆದರೆ ಹೆಸರಿನ ಒಂದು ಅಂಕಿ ಇಲ್ಲಿ ಎಡವಿಸುತ್ತದೆ (ಇಲ್ಲಿನ ಅಂಕಿ ಮಾದರಿ ಸಂಖ್ಯೆ, ವೇಗವಲ್ಲ). ಇಂಟೆಲ್ ಎಎಕ್ಸ್200 ಸಾಮಾನ್ಯ ಪಿಸಿಐಇ ಕಾರ್ಡ್, ಎಎಂಡಿ ಬೋರ್ಡ್‌ನಲ್ಲೂ ನಡೆಯುತ್ತದೆ. ಎಎಕ್ಸ್201 ಹಾಗಲ್ಲ. ಅದರ ಕೆಲಸದ ಒಂದು ಭಾಗ ಇಂಟೆಲ್‌ನ ಚಿಪ್‌ಸೆಟ್ ಒಳಗೇ ಇದೆ. ಬೇರೆ ಬೋರ್ಡ್‌ನಲ್ಲಿ ಸ್ಕ್ರೂ ಸರಿಯಾಗಿ ಕೂತರೂ ಕಾರ್ಡ್ ಕಾಣಿಸುವುದೇ ಇಲ್ಲ. ಎಎಕ್ಸ್210, ಎಎಕ್ಸ್211ಕ್ಕೂ ಇದೇ ವ್ಯತ್ಯಾಸ.

ಪಿಸಿಐಇ ಕಾರ್ಡ್‌ನಲ್ಲಿ ಬ್ಲೂಟೂತ್ ಇದ್ದರೆ ಅದರ ಜೊತೆ ಬರುವ ತೆಳು ಕೇಬಲ್ ಅನ್ನು ಬೋರ್ಡ್‌ನ ಯುಎಸ್‌ಬಿ ಹೆಡರ್‌ಗೆ (ಬೋರ್ಡ್ ಮೇಲಿನ ಪಿನ್‌ಗಳ ಸಾಲಿಗೆ) ಹಾಕಲೇಬೇಕು. ಇಲ್ಲದಿದ್ದರೆ ವೈಫೈ ಮಾತ್ರ ಬರುತ್ತದೆ.

ಬ್ರ್ಯಾಂಡ್ ಅಲ್ಲ, ಚಿಪ್

ಲಿನಕ್ಸ್ ಬಳಸುವವರು ಈ ಭಾಗವನ್ನು ಬಿಡಬೇಡಿ. ಬಾಕ್ಸ್ ಮೇಲಿನ ಕಂಪನಿ ಯಾವುದೇ ಇರಲಿ, ಒಳಗಿನ ಚಿಪ್ ಹೆಚ್ಚಾಗಿ ರಿಯಲ್‌ಟೆಕ್, ಮೀಡಿಯಾಟೆಕ್, ಇಂಟೆಲ್ ಅಥವಾ ಕ್ವಾಲ್‌ಕಾಮ್‌ನದು. ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬೇಕಿರುವುದು ಆ ಚಿಪ್‌ಗೆ. ಒಂದೇ ಮಾದರಿಯ ವಿ1, ವಿ2ಗಳಲ್ಲಿ ಚಿಪ್ ಬೇರೆ ಬೇರೆ ಇರುವುದೂ ಉಂಟು. ಮಾದರಿ ಹೆಸರು ನೋಡಿ ನಂಬಬೇಡಿ, ಆವೃತ್ತಿಯನ್ನೂ ನೋಡಿ. ಡ್ರೈವರ್ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಇರುವ ಚಿಪ್ ಆರಿಸಿದರೆ ನೆಮ್ಮದಿ. ಯುಎಸ್‌ಬಿಯಲ್ಲಿ ಮೀಡಿಯಾಟೆಕ್‌ನ ಎಂಟಿ7921ಎಯು ಅಂಥದ್ದು. ಹೊರಗಿನಿಂದ ತಂದು ಕಂಪೈಲ್ ಮಾಡುವ ಡ್ರೈವರ್ ಆದರೆ ಕರ್ನಲ್ ಅಪ್‌ಡೇಟ್ ಆದಾಗ ನೆಟ್ ಹೋಗುವ ಅಪಾಯ ಇದ್ದೇ ಇದೆ.

ವಿಂಡೋಸ್‌ನವರಿಗೆ ಒಂದು ಮಾತು: ವೈಫೈ 6ಇ ತರುವ 6 ಗಿಗಾಹರ್ಟ್ಸ್ ಬ್ಯಾಂಡ್‌ಗೆ ವಿಂಡೋಸ್ 11 ಬೇಕು, ರೂಟರ್‌ನಲ್ಲಿ ಡಬ್ಲ್ಯುಪಿಎ3 ಭದ್ರತೆಯೂ ಬೇಕು.

ಅಡಾಪ್ಟರ್ ಹಾಕುವ ದಿನದ ತಯಾರಿ ಮೊದಲೇ ಮಾಡಿಕೊಳ್ಳಿ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಕೆಲವು ಯುಎಸ್‌ಬಿ ಅಡಾಪ್ಟರ್‌ಗಳು ಇದಕ್ಕಾಗಿಯೇ ಮೊದಲು ಸಿಡಿ ಡ್ರೈವ್ ಹಾಗೆ ಕಾಣಿಸಿಕೊಳ್ಳುತ್ತವೆ. ವಿಂಡೋಸ್ ಡ್ರೈವರ್ ಅದರೊಳಗೇ ಇರುತ್ತದೆ. ಲಿನಕ್ಸ್‌ನಲ್ಲಿ ಅದು ಸಿಡಿಯಾಗಿಯೇ ಉಳಿದುಬಿಟ್ಟರೆ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಅದನ್ನು ವೈಫೈ ಸಾಧನವಾಗಿ ಬದಲಿಸುತ್ತದೆ. ಉಳಿದವಕ್ಕೆ ಡ್ರೈವರನ್ನು ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಅದೂ ಆಗದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಬೇರೆ ಡ್ರೈವರ್ ಕೇಳದೆ ನೆಟ್ ಬರುತ್ತದೆ.